ಮರಿ ಟರಾಂಟುಲಾ ಬಿಲದಿಂದ ಹೊರಗೇ ಬರುತ್ತಿಲ್ಲ, ಅಗೆದು ನೋಡಲೇ?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಮಗ ಬೆಂಗಳೂರಿನಲ್ಲಿ ಓದುತ್ತಾನೆ. ಬೇಸಿಗೆ ರಜೆಗೆ ಬಂದಾಗ ಕರ್ಲಿ ಹೇರ್ ಜಾತಿಯ ಒಂದು ಟರಾಂಟುಲಾ ಮರಿ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡದ ಮರಿ, ತಂದಿದ್ದ. ಕಾಲು ಚಾಚಿದರೆ ಎರಡು ಸೆಂಟಿಮೀಟರ್ ಇದ್ದೀತು. ಹಾಸ್ಟೆಲ್‌ನಲ್ಲಿ ಇಟ್ಟುಕೊಳ್ಳಲು ಬಿಡುವುದಿಲ್ಲ ಅಂತ ನನ್ನ ಕೈಗೆ ಕೊಟ್ಟು ಹೋಗಿದ್ದಾನೆ. ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಇಟ್ಟಿದ್ದೇವೆ. ಮೊದಲೆಲ್ಲ ವಾರಕ್ಕೆ ಎರಡು ಸಲ ಹುಳ ತಿನ್ನುತ್ತಿತ್ತು. ಈಗ ಐದು ವಾರದಿಂದ ಮುಖವೇ ತೋರಿಸಿಲ್ಲ. ಬಿಲದ ಬಾಯಿ ಮಣ್ಣಿನಿಂದ ಮುಚ್ಚಿದೆ. ಹಾಕಿದ ಹುಳ ಹಾಗೇ ಓಡಾಡಿಕೊಂಡಿದೆ. ದಿನಾ ನೀರು ಸಿಂಪಡಿಸುತ್ತಿದ್ದೇನೆ, ಆದರೆ ಮೇಲೆ ಬಿಳಿ ಬೂಸಲು ಬಂದಿದೆ. "ಅದು ಸತ್ತೇ ಹೋಗಿದೆ, ಅಗೆದು ನೋಡು" ಅನ್ನುತ್ತಾರೆ ಅತ್ತೆ. ಏನು ಮಾಡಲಿ? ಮನೆಯವರಿಗೆ ಅದರಿಂದ ಏನಾದರೂ ಅಪಾಯ ಇದೆಯಾ?

ಉತ್ತರ: ಅಗೆಯಬೇಡಿ. ಇದೊಂದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿದರೂ ಆಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮರಿ ಪೊರೆ ಬಿಡುವ ತಯಾರಿಯಲ್ಲಿದೆ ಅಂತಲೇ ನನಗೆ ಅನಿಸುತ್ತದೆ. ಬಿಲದ ಬಾಯಿ ಮುಚ್ಚಿದೆ ಅಂದಿರಲ್ಲ, ಅದು ಒಳ್ಳೆಯ ಸುದ್ದಿ. ರಾತ್ರಿ ಟಾರ್ಚ್ ಹಿಡಿದು ಆ ಜಾಗವನ್ನು ಹತ್ತಿರದಿಂದ ನೋಡಿ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ತೆಳ್ಳಗೆ ಬಿಳಿ ನೂಲು ಕಂಡರೆ ಅದು ಜೇಡ ಒಳಗಿಂದ ಹಾಕಿಕೊಂಡ ಬಾಗಿಲು. ಮಣ್ಣು ತಾನಾಗಿ ಕುಸಿದಿದ್ದರೆ ನೂಲು ಇರುವುದಿಲ್ಲ, ಪುಡಿಪುಡಿಯಾಗಿ ಸಡಿಲವಾಗಿರುತ್ತದೆ. ಹಾಗೆ ಕುಸಿದಿದ್ದರೂ ಹೆದರಬೇಕಾಗಿಲ್ಲ. ಬಿಲ ತೋಡಿದ್ದು ಅದೇ ಅಲ್ವಾ, ಬೇಕಾದಾಗ ಮತ್ತೆ ದಾರಿ ಮಾಡಿಕೊಳ್ಳುತ್ತದೆ.

ಕರ್ಲಿ ಹೇರ್ ಮಧ್ಯ ಅಮೆರಿಕದ ಜೇಡ. ಹೊಂಡುರಾಸ್, ನಿಕರಾಗುವಾ, ಕೋಸ್ಟಾರಿಕಾದ ಕಾಡಿನ ನೆಲದಲ್ಲಿ, ಮರದ ಬುಡದಲ್ಲಿ ಬಿಲ ಮಾಡಿಕೊಂಡು ಬದುಕುತ್ತದೆ. ಬೆಳೆದ ಮೇಲೆ ಕಾಲು ಚಾಚಿದರೆ ಅಂಗೈ ತುಂಬುತ್ತದೆ. ಆದರೆ ಮೊಟ್ಟೆಯ ಚೀಲದಿಂದ ಹೊರಬೀಳುವಾಗ ಕೆಲವೇ ಮಿಲಿಮೀಟರ್. ಒಂದು ಚೀಲದಲ್ಲಿ ನೂರಾರು ಮರಿಗಳು. ಅಷ್ಟು ಸಣ್ಣದಿರುವಾಗ ಹಲ್ಲಿ, ಕಪ್ಪೆ, ಹಕ್ಕಿ, ಇರುವೆ, ಜರಿ, ಎಲ್ಲಕ್ಕೂ ಅದು ಊಟ. ಮೈಯ ನೀರೂ ಬೇಗ ಆರಿಹೋಗುತ್ತದೆ. ಎರಡರಿಂದಲೂ ಕಾಪಾಡುವುದು ಬಿಲ. ನೆಲದ ಮೇಲೆ ಬಿಸಿಲು, ಗಾಳಿ ಎಷ್ಟೇ ಇರಲಿ, ನಾಲ್ಕು ಬೆರಳು ಕೆಳಗೆ ತಂಪು, ತೇವ ಹೆಚ್ಚು ಕಡಿಮೆ ಒಂದೇ ಹದದಲ್ಲಿರುತ್ತದೆ. ನಿಮ್ಮ ಡಬ್ಬಿಯಲ್ಲಿ ಹಲ್ಲಿಯೂ ಇಲ್ಲ, ಹಕ್ಕಿಯೂ ಇಲ್ಲ. ಆದರೆ ಅದು ಮರಿಗೆ ಗೊತ್ತಿಲ್ಲ. ದೊಡ್ಡದಾಗುತ್ತಾ ಹೋದಂತೆ ಈ ಜಾತಿಯ ಜೇಡ ಹೊರಗೆ ಕೂರುವುದು ಜಾಸ್ತಿಯಾಗುತ್ತದೆ. ಮರಿಯಾಗಿರುವಾಗ ತಿಂಗಳುಗಟ್ಟಲೆ ಕಾಣದಿರುವುದು ತೀರಾ ಸಾಮಾನ್ಯ.

ಇದರ ಬಂಧುಗಳು ನಿಮ್ಮ ಊರಿನಲ್ಲೇ ಇವೆ ಅಂತ ಅತ್ತೆಯವರಿಗೆ ಹೇಳಿ. ನಮ್ಮ ಘಟ್ಟದ ಕಾಡಿನ ದರೆಗಳಲ್ಲಿ, ರಸ್ತೆ ಮಾಡಲು ಗುಡ್ಡ ಕಡಿದ ಕಡೆ, ಮಣ್ಣಿನ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ತೂತು ಕಾಣುತ್ತದೆ. ಬಾಯಿಯ ಸುತ್ತ ಬಿಳಿ ನೂಲಿನ ಅಸ್ತರ. ಎಷ್ಟೋ ಸಲ ಅದು ನಮ್ಮ ನೆಲದ ಟರಾಂಟುಲಾದ ಮನೆ. ಥ್ರಿಗ್ಮೋಪಿಯಸ್ ಅನ್ನುವ ಗುಂಪಿಗೆ 1899ರಲ್ಲಿ ರೆಜಿನಾಲ್ಡ್ ಪೊಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞರು ಹೆಸರು ಕೊಟ್ಟರು. ಅದರ ಜೇಡಗಳು ಕರ್ನಾಟಕ ಮತ್ತು ಗೋವಾದ ಘಟ್ಟದವು. ಹಗಲು ಹೋಗಿ ನೋಡಿದರೆ ಬರೀ ತೂತು. ಕತ್ತಲಾದ ಮೇಲೆ ಬಾಯಿಯ ಹತ್ತಿರ ಮುಂಗಾಲು ಎರಡು ಇಟ್ಟುಕೊಂಡು ಕೂತಿರುತ್ತದೆ. ಹೆಜ್ಜೆಯ ಸದ್ದಿಗೆ ಮಣ್ಣು ಅದುರಿದರೆ ಸಾಕು, ಒಳಗೆ ಮಾಯ. ಅಲ್ಲಿರುವ ಹೆಣ್ಣು ಬೇಟೆಗೆ ಅಂತ ಬಿಲದ ಬಾಯಿಯಿಂದ ಹೆಚ್ಚು ದೂರ ಹೋಗುವುದೇ ಇಲ್ಲ. ಬಿಲದಲ್ಲಿ ಇರುವುದೇ ಇವುಗಳ ಬದುಕು. ನಿಮ್ಮ ಮರಿ ಕಾಣುತ್ತಿಲ್ಲ ಅಂದರೆ ಅದು ಅದರ ಪಾಡಿಗೆ ಸರಿಯಾಗಿ ಬದುಕುತ್ತಿದೆ ಅಂತ ಅರ್ಥ.

ಈಗ ಪೊರೆಯ ವಿಷಯಕ್ಕೆ ಬರೋಣ, ಇದೇ ಮುಖ್ಯ. ಜೇಡಕ್ಕೆ ನಮ್ಮ ಹಾಗೆ ಒಳಗೆ ಎಲುಬಿಲ್ಲ. ಮೈ ಹೊರಗಿನ ಗಟ್ಟಿ ಚಿಪ್ಪೇ ಅದರ ಎಲುಬು. ಆ ಚಿಪ್ಪು ಹಿಗ್ಗುವುದಿಲ್ಲ. ಬೆಳೆಯಬೇಕಾದರೆ ಹಳೆಯದನ್ನು ಕಳಚಲೇಬೇಕು. ಮರಿಗಳು ಒಂದೆರಡು ತಿಂಗಳಿಗೊಮ್ಮೆ ಪೊರೆ ಬಿಡುತ್ತವೆ. ದೊಡ್ಡದಾದಂತೆ ಅಂತರ ಹೆಚ್ಚುತ್ತಾ ಹೋಗಿ, ಬೆಳೆದ ಹೆಣ್ಣು ವರ್ಷಕ್ಕೊಮ್ಮೆಯೋ, ಇನ್ನೂ ತಡವಾಗಿಯೋ ಬಿಡುತ್ತದೆ. ಬಿಡುವುದಕ್ಕೆ ಮುಂಚೆ ಊಟ ನಿಲ್ಲಿಸುತ್ತದೆ. ಓಡಾಟ ಕಡಿಮೆ ಮಾಡುತ್ತದೆ. ಹೊಟ್ಟೆ ತುಂಬಿಕೊಂಡು, ಬಿಗಿದು, ಹೊಳೆಯಲು ಶುರುವಾಗುತ್ತದೆ. ಒಳಗೆ ಹೊಸ ಚರ್ಮ, ಹೊಸ ಕೂದಲು ಮೂಡಿದ ಹಾಗೆಲ್ಲ ಹೊಟ್ಟೆಯ ಬಣ್ಣ ಕಪ್ಪಿಗೆ ತಿರುಗುತ್ತದೆ. ಕೊನೆಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ನೀವು ಹೇಳಿದ ಐದು ವಾರ ಇದಕ್ಕೆ ಜಾಸ್ತಿಯಲ್ಲ. ಹೊಟ್ಟೆ ತುಂಬ ತಿಂದಿದ್ದ ಮರಿ ಎರಡು ತಿಂಗಳು ಒಳಗೇ ಇದ್ದರೂ ನಾನು ಗಾಬರಿಯಾಗುವುದಿಲ್ಲ.

ಪೊರೆ ಬಿಡುವಾಗ ಅದು ಮಲಗುವ ರೀತಿ ನೋಡಿದರೆ ಯಾರಿಗಾದರೂ ಎದೆ ಧಸಕ್ಕೆನ್ನಬೇಕು. ಮೊದಲು ನೆಲಕ್ಕೆ ನೂಲಿನ ಹಾಸಿಗೆ ಹೆಣೆಯುತ್ತದೆ. ಆಮೇಲೆ ಅದರ ಮೇಲೆ ಅಂಗಾತ ಮಲಗಿಬಿಡುತ್ತದೆ, ಕಾಲು ಮೇಲೆ. ಎಷ್ಟೋ ಹೊತ್ತು ಅಲುಗಾಡುವುದಿಲ್ಲ. ಹೀಗೆ ಮಲಗಿದ್ದನ್ನು ಕಂಡು ಸತ್ತಿದೆ ಅಂತ ಎಸೆದವರು ಬಹಳ ಜನ. ಒಳಗೆ ನಡೆಯುತ್ತಿರುವುದು ಬೇರೆ. ಮೈಯ ದ್ರವವನ್ನು ಮುಂಭಾಗಕ್ಕೆ ಒತ್ತಿ ತಳ್ಳುತ್ತದೆ. ಆ ಒತ್ತಡಕ್ಕೆ ಎದೆಯ ಮೇಲಿನ ಚಿಪ್ಪು ಅಂಚಿನಲ್ಲಿ ಸೀಳಿ ಡಬ್ಬಿಯ ಮುಚ್ಚಳದ ಹಾಗೆ ಮೇಲೇಳುತ್ತದೆ. ಆಮೇಲೆ ಸ್ವಲ್ಪ ಒತ್ತು, ಸ್ವಲ್ಪ ಬಿಡುವು, ಮತ್ತೆ ಒತ್ತು, ಹೀಗೆ ಎಂಟೂ ಕಾಲು ಹಳೆಯ ಕವಚದಿಂದ ಎಳೆದುಕೊಳ್ಳುತ್ತದೆ. ಕೋರೆಹಲ್ಲು, ಬಾಯಿಯ ಒಳಪದರ, ಪುಸ್ತಕದ ಹಾಳೆಗಳ ಹಾಗೆ ಪದರಪದರವಾಗಿರುವ ಶ್ವಾಸಕೋಶದ ಒಳಪದರ, ಎಲ್ಲವೂ ಹಳೆಯದರ ಜೊತೆ ಹೋಗುತ್ತವೆ. ಹಿಂದೆ ಕಾಲು ಕಳೆದುಕೊಂಡಿದ್ದರೆ ಇದೇ ಹೊತ್ತಿಗೆ ಹೊಸ ಕಾಲು ಬರುತ್ತದೆ. ಸಣ್ಣ ಮರಿಗೆ ಗಂಟೆಯೊಳಗೆ ಮುಗಿದರೂ ಮುಗಿಯಿತು, ದೊಡ್ಡ ಜೇಡಕ್ಕೆ ಅರ್ಧ ದಿನವೇ ಬೇಕಾಗಬಹುದು.

ಹೊರಬಂದ ಜೇಡ ತೀರಾ ಮೆತ್ತಗೆ. ಕೋರೆಹಲ್ಲು ಬೆಳ್ಳಗಿರುತ್ತದೆ, ಏನನ್ನೂ ಕಚ್ಚಲಾರದು. ದಿನ ಕಳೆದಂತೆ ಕೆಂಪಾಗಿ, ಆಮೇಲೆ ಕಪ್ಪಾಗಿ ಗಟ್ಟಿಯಾಗುತ್ತದೆ. ಈ ಹಂತದಲ್ಲಿ ಬಿಲ ಅಗೆದರೆ ಏನಾಗುತ್ತದೆ, ಯೋಚಿಸಿ. ಅರ್ಧ ಕಳಚಿದ ಕಾಲು ಮುರಿಯುತ್ತದೆ. ಚಮಚದ ತುದಿ ತಾಗಿದರೆ ಹೊಟ್ಟೆ ಒಡೆಯುತ್ತದೆ. ಹೊಟ್ಟೆ ಒಡೆದ ಜೇಡ ಉಳಿಯುವುದಿಲ್ಲ. ಅದು ಸತ್ತಿದೆಯೋ ಬದುಕಿದೆಯೋ ಅಂತ ತಿಳಿಯಲು ಅಗೆದವರು, ಬದುಕಿದ್ದುದನ್ನು ತಾವೇ ಕೊಂದಂತಾಗುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಗೆಯದೆ ನೋಡಲು ದಾರಿ ಇದೆ. ಮರಿಗಳು ಸಾಮಾನ್ಯವಾಗಿ ಡಬ್ಬಿಯ ಗೋಡೆಗೆ ತಾಗಿಸಿಯೇ ಬಿಲ ತೋಡುತ್ತವೆ. ಡಬ್ಬಿಯನ್ನು ಎತ್ತಿ ಅಲುಗಾಡಿಸಬೇಡಿ. ಇದ್ದಲ್ಲೇ ಸುತ್ತ ಬಗ್ಗಿ, ಪಕ್ಕದಿಂದ, ಕೆಳಗಿನಿಂದ ನೋಡಿ. ಎಲ್ಲೋ ಒಂದು ಕಡೆ ಸುರಂಗದ ಗೋಡೆಯೇ ಪ್ಲಾಸ್ಟಿಕ್ ಆಗಿರುತ್ತದೆ. ಆ ಭಾಗದ ಹೊರಗೆ ಕಪ್ಪು ಕಾಗದ ಸುತ್ತಿ, ಒಂದು ರಬ್ಬರ್ ಬ್ಯಾಂಡ್ ಹಾಕಿಡಿ. ಒಳಗೆ ಕತ್ತಲೆ ಅನಿಸಿದರೆ ಅದು ಗೋಡೆಯ ಪಕ್ಕವೇ ನೆಮ್ಮದಿಯಾಗಿ ಕೂರುತ್ತದೆ. ನಿಮಗೆ ನೋಡಬೇಕು ಅನಿಸಿದಾಗ ಕಾಗದ ಸ್ವಲ್ಪ ಸರಿಸಿ, ನೋಡಿ, ಮತ್ತೆ ಮುಚ್ಚಿ. ಟಾರ್ಚ್‌ಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ.

ನೀರಿನ ವಿಷಯದಲ್ಲಿ ಇವತ್ತಿನಿಂದಲೇ ಬದಲಾಯಿಸಿ. ದಿನಾ ಸಿಂಪಡಿಸುವುದು ಬೇಡ. ಮೇಲಿಂದ ಸಿಂಪಡಿಸಿದ ನೀರು ಮೇಲಿನ ಪದರವನ್ನಷ್ಟೇ ಒದ್ದೆ ಮಾಡುತ್ತದೆ, ಮರಿ ಇರುವ ತಳಕ್ಕೆ ಇಳಿಯುವುದಿಲ್ಲ. ಮೇಲೆ ಬೂಸಲು ಬರುವುದು ಅದರಿಂದಲೇ. ಈ ಜೇಡಕ್ಕೆ ಬೇಕಾಗಿರುವುದು ಇದಕ್ಕೆ ತಿರುಗುಮುರುಗು: ತಳ ತೇವ, ಮೇಲೆ ಒಣ. ಔಷಧಿ ಅಂಗಡಿಯಲ್ಲಿ ಸೂಜಿ ಇಲ್ಲದ ಸಿರಿಂಜ್ ಸಿಗುತ್ತದೆ. ಬಿಲ ಇಲ್ಲದ ಕಡೆಯ ಗೋಡೆಗೆ ಅದರ ತುದಿ ತಾಗಿಸಿ, ನೀರು ಗೋಡೆಗುಂಟ ನಿಧಾನಕ್ಕೆ ಇಳಿಯುವಂತೆ ಬಿಡಿ. ಪ್ಲಾಸ್ಟಿಕ್ ಆಚೆಯಿಂದಲೇ ಕಾಣುತ್ತದೆ, ಒದ್ದೆಯಾದ ಕೋಕೋಪೀಟ್ ಗಾಢ ಕಂದು, ಒಣಗಿದ್ದು ತಿಳಿ. ತಳದ ಮೂರನೇ ಒಂದು ಭಾಗ ಗಾಢವಾಗಿದ್ದರೆ ಸಾಕು. ಬಾವಿ ನೀರು ಚೆನ್ನಾಗಿಯೇ ಆಗುತ್ತದೆ. ತಳದಲ್ಲಿ ನೀರು ನಿಲ್ಲುವಷ್ಟು ಮಾತ್ರ ಹಾಕಬೇಡಿ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ, ಲೆಕ್ಕ ಹಾಕಿ ಹೇಳುವುದು ಸರಿಯಾಗುವುದಿಲ್ಲ. ಶಿರಸಿಯ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ. ಅಂಥಲ್ಲಿ ಡಬ್ಬಿ ಒಣಗುವುದು ಎಲ್ಲಿಂದ? ಜುಲೈ, ಆಗಸ್ಟ್‌ನಲ್ಲಿ ತಿಂಗಳಿಗೊಮ್ಮೆ ನೋಡಿ ಹಾಕಿದರೂ ನಡೆಯುತ್ತದೆ. ಡಿಸೆಂಬರ್ ನಂತರ ಘಟ್ಟದ ಮೇಲೆ ಒಣ ಚಳಿ ಬೀಳುತ್ತದೆ, ಆಗ ವಾರಕ್ಕೊಮ್ಮೆ ಬೇಕಾದೀತು. ಕಾರವಾರ, ಕುಮಟಾ ಕಡೆಯವರಿಗೆ ಈ ಲೆಕ್ಕ ಬೇರೆ. ಅಲ್ಲಿ ಕಡಲ ಗಾಳಿಯಲ್ಲಿ ವರ್ಷವಿಡೀ ತೇವ ಇರುತ್ತದೆ, ನೀರಿಗಿಂತ ಗಾಳಿಯಾಡುವುದರ ಬಗ್ಗೆಯೇ ಅವರು ಜಾಸ್ತಿ ಗಮನ ಕೊಡಬೇಕು. ಡಬ್ಬಿಯ ಬಣ್ಣ ನೋಡಿ ನಡೆಯಿರಿ, ಕ್ಯಾಲೆಂಡರ್ ನೋಡಿ ಅಲ್ಲ.

ಬೂಸಲು ಜೇಡವನ್ನು ನೇರವಾಗಿ ಕೊಲ್ಲುವುದು ಅಪರೂಪ. ಆದರೆ ಒಳಗೆ ಗಾಳಿ ಓಡಾಡುತ್ತಿಲ್ಲ ಅಂತ ಅದು ತೋರಿಸುತ್ತದೆ. ಮೇಲಿನ ಬಿಳಿ ಭಾಗವನ್ನು ಸಣ್ಣ ಚಮಚದಲ್ಲಿ ಮೆಲ್ಲಗೆ ಕೆರೆದು ತೆಗೆಯಿರಿ. ಬಿಲದ ಬಾಯಿಯ ಹತ್ತಿರ ಕೈ ಹಾಕಬೇಡಿ. ಮುಚ್ಚಳದಲ್ಲಷ್ಟೇ ತೂತು ಇದ್ದರೆ ಸಾಲದು. ಗೋಡೆಯಲ್ಲೂ ಮೇಲ್ಭಾಗದಲ್ಲಿ ಎದುರುಬದುರಾಗಿ ಒಂದಷ್ಟು ತೂತು ಬೇಕು. ಸೂಜಿ ಕಾಯಿಸಿ ಚುಚ್ಚಿದರೆ ಆಗುತ್ತದೆ, ಆದರೆ ಮರಿ ಇರುವ ಡಬ್ಬಿಗೆ ಈಗ ಆ ಕೆಲಸ ಮಾಡಬೇಡಿ. ಅದು ಪೊರೆ ಬಿಟ್ಟು ಹೊರಬಂದ ಮೇಲೆ ಹೊಸ ಡಬ್ಬಿ ತಯಾರು ಮಾಡಿ. ತೂತು ಜೇಡದ ಎದೆಯ ಮೇಲಿನ ಚಿಪ್ಪಿಗಿಂತ ಚಿಕ್ಕದಿರಲಿ. ಆ ಚಿಪ್ಪು ದಾಟಿದರೆ ಹಿಂದಿನ ಮೈಯೂ ನುಸುಳಿಬಿಡುತ್ತದೆ. ಸದ್ಯಕ್ಕೆ ಡಬ್ಬಿಯನ್ನು ಗಾಳಿಯಾಡುವ ಕೋಣೆಯಲ್ಲಿಟ್ಟರೆ ಸಾಕು.

ಇನ್ನೊಂದು ತುರ್ತು ಕೆಲಸ. ಹಾಕಿದ ಹುಳ ಹಾಗೇ ಓಡಾಡಿಕೊಂಡಿದೆ ಅಂದಿರಿ. ಅದನ್ನು ಈಗಲೇ ಚಿಮಟದಲ್ಲಿ ಹಿಡಿದು ಹೊರಗೆ ತೆಗೆಯಿರಿ. ಹಸಿದ ಕ್ರಿಕೆಟ್ ಹುಳ ಮೆತ್ತಗಿರುವ ಜೇಡವನ್ನು ಕಡಿದು ತಿನ್ನುತ್ತದೆ. ಮೀಲ್‌ವರ್ಮ್ (ಒಂದು ಬಗೆಯ ಜೀರುಂಡೆಯ ಮರಿಹುಳ) ಇನ್ನೂ ಕಷ್ಟ, ಅದು ಮಣ್ಣಿನೊಳಗೆ ಹೊಕ್ಕು ಬಿಲ ತಲುಪಬಹುದು. ಜೇಡ ಬಾಗಿಲು ಮುಚ್ಚಿರುವಾಗ ಏನೂ ಹಾಕಬೇಡಿ. ಅದು ಹಸಿದು ಸಾಯುವುದಿಲ್ಲ. ಟರಾಂಟುಲಾದ ಮೈ ಕೆಲಸ ಮಾಡುವ ವೇಗ ಬಹಳ ಕಡಿಮೆ, ತಿಂದದ್ದನ್ನು ಹೊಟ್ಟೆಯಲ್ಲಿ ಕೂಡಿಟ್ಟುಕೊಂಡು ವಾರಗಟ್ಟಲೆ ತಳ್ಳುತ್ತದೆ. ಬಾಗಿಲು ತೆರೆದ ಮೇಲೂ ಒಂದು ವಾರ ಬಿಟ್ಟು ಊಟ ಕೊಡಿ, ಕೋರೆಹಲ್ಲು ಗಟ್ಟಿಯಾಗಲಿ. ಹುಳ ಅದರ ಹೊಟ್ಟೆಯಷ್ಟು ಅಥವಾ ಅದಕ್ಕಿಂತ ಚಿಕ್ಕದಿರಲಿ. ಇಷ್ಟು ಸಣ್ಣ ಮರಿಗೆ ಜೀವಂತ ಹುಳವೇ ಬೇಕು ಅಂತಿಲ್ಲ. ಕ್ರಿಕೆಟ್ ಹುಳದ ತೊಡೆಯನ್ನೋ, ಮೀಲ್‌ವರ್ಮ್‌ನ ತುಂಡನ್ನೋ ಬಿಲದ ಬಾಯಿಯ ಹತ್ತಿರ ಸಂಜೆ ಇಡಿ. ರಾತ್ರಿ ಎಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಅಲ್ಲೇ ಇದ್ದರೆ ತೆಗೆದುಬಿಡಿ. ಕೊಳೆತರೆ ಸಣ್ಣ ನೊಣ, ನುಸಿ ಎಲ್ಲ ಸೇರಿಕೊಳ್ಳುತ್ತವೆ. ವಾರಕ್ಕೆ ಒಂದೆರಡು ಸಲ ಸಾಕು. ಪ್ರೀತಿಗೆ ಅಂತ ಜಾಸ್ತಿ ತಿನ್ನಿಸಬೇಡಿ. ಹೊಟ್ಟೆ ಎದೆಯ ಚಿಪ್ಪಿಗಿಂತ ಒಂದೂವರೆ ಪಟ್ಟು ಇದ್ದರೆ ಆರೋಗ್ಯವಾಗಿದೆ ಅಂತ ಲೆಕ್ಕ.

ಮನೆಯಲ್ಲಿ ಸಿಗುವ ಜಿರಳೆ, ತೋಟದ ಮಿಡತೆ ಹಿಡಿದು ಹಾಕುವ ಆಸೆ ಬರುತ್ತದೆ. ಬೇಡ. ಜಿರಳೆ ಎಲ್ಲಿ ಯಾವ ಔಷಧಿ ಮೆಟ್ಟಿ ಬಂದಿದೆಯೋ ಹೇಳಲಾಗದು. ಪಕ್ಕದ ತೋಟದಲ್ಲಿ ಕೀಟನಾಶಕ ಹೊಡೆದಿದ್ದರೆ ಮಿಡತೆಯ ಮೈಯಲ್ಲಿ ಅದು ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಕಾಲ ಇದು. ಆ ಕೆಲಸ ಮಾಡಿ ಬಂದವರು ಸೋಪು ಹಾಕಿ ಕೈ ತೊಳೆಯದೆ ಡಬ್ಬಿ ಮುಟ್ಟುವುದು ಬೇಡ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಮರಿ ಜೇಡಕ್ಕೆ ದೊಡ್ಡ ಶತ್ರು ಇರುವೆ. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಮಳೆ ಹಿಡಿದ ಕೂಡಲೇ ಇರುವೆಗಳು ಗೋಡೆಯೊಳಗೆ, ಮಾಡಿನ ಸಂದಿಗೆ ಬರುತ್ತವೆ. ಡಬ್ಬಿಯಲ್ಲಿ ಸತ್ತ ಹುಳದ ಒಂದು ಕಾಲು ಬಿದ್ದಿದ್ದರೂ ಸಾಲು ಹಿಡಿದು ಹೋಗುತ್ತವೆ. ಪೊರೆ ಬಿಡುತ್ತಿರುವ ಮರಿ ಸಿಕ್ಕಿದರೆ ರಾತ್ರಿ ಬೆಳಗಾಗುವುದರೊಳಗೆ ಏನೂ ಉಳಿಯುವುದಿಲ್ಲ. ಹಾಲು, ಬೆಲ್ಲದ ಪಾತ್ರೆಗೆ ನೀವು ಮಾಡುವ ಉಪಾಯವನ್ನೇ ಇಲ್ಲೂ ಮಾಡಿ. ಅಗಲ ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಬೋರಲು ಇಟ್ಟು, ಅದರ ಮೇಲೆ ಡಬ್ಬಿ ಇಡಿ. ಡಬ್ಬಿ ಗೋಡೆಗೆ ತಾಗಬಾರದು. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟರೆ ಇರುವೆ ತೇಲಿ ದಾಟುವುದಿಲ್ಲ. ನೀರು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಹಾಕುತ್ತದೆ.

ಇರುವೆಗೆ ಅಂತ ಲಕ್ಷ್ಮಣ ರೇಖೆ ಚಾಕ್ ಮಾತ್ರ ಎಳೆಯಬೇಡಿ. ಅಂಥ ಚಾಕ್‌ಗಳಲ್ಲಿ, ಸೊಳ್ಳೆ ಬತ್ತಿಯಲ್ಲಿ, ಗೋಡೆಗೆ ಚುಚ್ಚುವ ಸೊಳ್ಳೆಯ ದ್ರವದಲ್ಲಿ, ಜಿರಳೆ ಸ್ಪ್ರೇಯಲ್ಲಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಅದು ಕೀಟದ ನರಕ್ಕೆ ಹೊಡೆಯುತ್ತದೆ, ಜೇಡಕ್ಕೂ ಹಾಗೇ ಹೊಡೆಯುತ್ತದೆ. ಡಬ್ಬಿ ಇರುವ ಕೋಣೆಯಲ್ಲಿ ಇವು ಯಾವುದೂ ಬೇಡ. ಮಲಗಲು ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಬಚ್ಚಲ ಒಲೆಯ ಹೊಗೆ ಬರುವ ಕಡೆಯೂ ಇಡಬೇಡಿ. ನೇರ ಬಿಸಿಲು ಬೀಳುವ ಕಿಟಕಿಯಂತೂ ಬೇಡವೇ ಬೇಡ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ ಬಿಸಿಲಿಗೆ ಸ್ವಲ್ಪ ಹೊತ್ತಿನಲ್ಲೇ ಕಾದು ಒಳಗಿನ ಜೀವ ಬೇಯುತ್ತದೆ. ಬಿಸಿ ಬಲ್ಬು, ಹೀಟರ್ ಯಾವುದೂ ನಮ್ಮ ಹವೆಗೆ ಬೇಕಾಗುವುದಿಲ್ಲ. ನಿಮಗೆ ಹಿತವಾದ ಕೋಣೆ ಅದಕ್ಕೂ ಹಿತ.

ಡಬ್ಬಿಯ ಅಳತೆಯ ಬಗ್ಗೆ ಒಂದು ಮಾತು. ಉಪ್ಪಿನಕಾಯಿ ಡಬ್ಬಿ ಎತ್ತರವಾಗಿರುತ್ತದೆ. ಕೋಕೋಪೀಟ್ ಕಡಿಮೆ ಹಾಕಿ ಮೇಲೆ ಖಾಲಿ ಜಾಗ ಬಿಟ್ಟಿದ್ದರೆ ಮರಿ ಗೋಡೆ ಹತ್ತಿ ಬೀಳುತ್ತದೆ. ನೆಲದ ಜೇಡದ ಹೊಟ್ಟೆ ಬೀಳುವ ಪೆಟ್ಟು ತಡೆಯುವುದಿಲ್ಲ. ಮಣ್ಣಿನ ಮೇಲ್ಭಾಗದಿಂದ ಮುಚ್ಚಳದವರೆಗೆ ಇರುವ ಅಂತರ ಜೇಡದ ಕಾಲು ಚಾಚಿದ ಅಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಇರಬಾರದು. ಮಣ್ಣಿನ ಆಳ ಮಾತ್ರ ಧಾರಾಳವಾಗಿರಲಿ, ಕಾಲಿನ ಅಳತೆಯ ಮೂರು ಪಟ್ಟಾದರೂ ಬೇಕು. ಹೊಸ ಡಬ್ಬಿಗೆ ಕೋಕೋಪೀಟ್ ತರುವಾಗ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು ಹಿಂಡಿ. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನ ಅಂಶ ಉಳಿದಿರುವುದುಂಟು, ಅದರಲ್ಲೂ ಹಿನ್ನೀರಿನಲ್ಲಿ ಸಿಪ್ಪೆ ಕೊಳೆಸಿ ತೆಗೆದ ನಾರಾದರೆ. ತೊಳೆದ ಮೇಲೆ ಗೊಬ್ಬರ ಸೋಕದ ಮಣ್ಣು ಸ್ವಲ್ಪ ಬೆರೆಸಿ ಕೈಯಿಂದ ಗಟ್ಟಿಯಾಗಿ ಒತ್ತಿದರೆ ಬಿಲ ಕುಸಿಯದೆ ನಿಲ್ಲುತ್ತದೆ. ಬೆರಳಿನಲ್ಲಿ ಒಂದು ಕುಳಿ ಮಾಡಿ, ಒಂದು ಒಣ ತೊಗಟೆ ಓರೆಯಾಗಿಟ್ಟರೆ ಅಲ್ಲಿಂದಲೇ ತೋಡಲು ಶುರು ಮಾಡುತ್ತದೆ. ನೀರಿಗೆ ಬಾಟಲಿಯ ಮುಚ್ಚಳ ಸಾಕು. ಸ್ಪಂಜು ಇಡುವ ರೂಢಿ ಕೆಲವರಲ್ಲಿದೆ, ಅದು ಕೊಳೆ ಸೇರುವ ಜಾಗ ಅಷ್ಟೇ.

ಯಾವಾಗ ಚಿಂತೆ ಮಾಡಬೇಕು ಅಂತ ಹೇಳಬೇಕು ಅಲ್ವಾ. ಅಂಗಾತ ಮಲಗಿದ್ದರೆ ಚಿಂತೆ ಬೇಡ, ಅದು ಪೊರೆ ಬಿಡುವ ಭಂಗಿ. ನೆಟ್ಟಗೆ ನಿಂತೇ ಕಾಲುಗಳನ್ನೆಲ್ಲ ಹೊಟ್ಟೆಯ ಕೆಳಗೆ ಮುದುರಿಕೊಂಡಿದ್ದರೆ ಅದು ಕೆಟ್ಟ ಲಕ್ಷಣ. ಜೇಡ ಕಾಲು ಚಾಚುವುದು ಮೈಯ ದ್ರವದ ಒತ್ತಡದಿಂದ. ನೀರು ಕಡಿಮೆಯಾದರೆ ಆ ಒತ್ತಡ ಬೀಳುತ್ತದೆ, ಕಾಲು ಮುದುರುತ್ತದೆ. ಹೊಟ್ಟೆ ಸುಕ್ಕುಗಟ್ಟಿದ್ದರೂ ಹಾಗೇ, ನೀರು ಸಾಲದು ಅಂತ ಅರ್ಥ. ತಕ್ಷಣ ಬಿಲದ ಪಕ್ಕದ ಗೋಡೆಗುಂಟ ನೀರು ಇಳಿಸಿ. ಕಾಲು ಮುದುರಿದ ಜೇಡ ಹೊರಗೇ ಇದ್ದರೆ ಒದ್ದೆ ಟಿಶ್ಯೂ ಹಾಸಿದ ಸಣ್ಣ ಡಬ್ಬಿಗೆ ಬಣ್ಣ ಹಚ್ಚುವ ಮೆತ್ತನೆಯ ಕುಂಚದಿಂದ ಸರಿಸಿ, ಕತ್ತಲಲ್ಲಿಡಿ. ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಬಿಲದಿಂದ ಕೊಳೆತ ವಾಸನೆ ಬಂದರೆ ಮಾತ್ರ ಆಸೆ ಬಿಡಬೇಕಾಗುತ್ತದೆ. ಬಿಲ ಒಡೆಯಲು ನಾನು ಒಪ್ಪುವುದು ಎರಡೇ ಸಂದರ್ಭದಲ್ಲಿ: ಇರುವೆ ಒಳಗೆ ಹೊಕ್ಕಾಗ, ಬಿಲದಲ್ಲಿ ನೀರು ನಿಂತಾಗ. ಆಗಲೂ ಮೇಲಿಂದ ಚುಚ್ಚಬಾರದು. ಡಬ್ಬಿಯನ್ನು ಅಗಲ ಪಾತ್ರೆಯೊಳಗೆ ನಿಧಾನವಾಗಿ ಓರೆ ಮಾಡಿ, ಬಿಲದಿಂದ ದೂರದ ಮಣ್ಣನ್ನು ಮೊದಲು ತೆಗೆಯುತ್ತಾ ಬನ್ನಿ.

ಮನೆಯವರಿಗೆ ಅಪಾಯದ ಪ್ರಶ್ನೆ. ಟರಾಂಟುಲಾ ಕಚ್ಚಿ ಮನುಷ್ಯ ಸತ್ತದ್ದು ಖಚಿತವಾಗಿ ದಾಖಲಾಗಿಲ್ಲ. ಕರ್ಲಿ ಹೇರ್ ಅದರಲ್ಲೂ ಸಾಧು ಜಾತಿ. ಕಚ್ಚಿದರೆ ಉರಿ, ಊತ ಆಗಿ ಇಳಿಯುತ್ತದೆ. ಆದರೆ ಎಲ್ಲ ಟರಾಂಟುಲಾಗಳೂ ಹೀಗಲ್ಲ. ನಮ್ಮ ದೇಶದ ಮರದ ಟರಾಂಟುಲಾ ಪೋಸಿಲೋಥೇರಿಯಾ ಕಚ್ಚಿದರೆ ದಿನಗಟ್ಟಲೆ ಮೈಯೆಲ್ಲ ಸೆಳೆತ ಹಿಡಿಯಬಹುದು. ಕರ್ಲಿ ಹೇರ್‌ನಲ್ಲಿ ಹುಷಾರಾಗಿರಬೇಕಾದದ್ದು ಕೂದಲಿನ ಬಗ್ಗೆ. ಸ್ವಲ್ಪ ಬೆಳೆದ ಮೇಲೆ ಹೊಟ್ಟೆಯ ಮೇಲಿನ ಕೂದಲನ್ನು ಹಿಂಗಾಲಿನಿಂದ ಒದ್ದು ಗಾಳಿಗೆ ಬಿಡುತ್ತದೆ. ಚರ್ಮಕ್ಕೆ ತಾಗಿದರೆ ತುರಿಕೆ. ಕಣ್ಣಿಗೆ ಬಿದ್ದರೆ ಉಜ್ಜದೆ ನೀರಿನಲ್ಲಿ ತೊಳೆದು, ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು. ಡಬ್ಬಿಗೆ ಕೈ ಹಾಕಿದ ಮೇಲೆ ಕೈ ತೊಳೆಯಿರಿ, ಮುಖ ಹತ್ತಿರ ತರಬೇಡಿ. ಕೈ ಮೇಲೆ ಬಿಟ್ಟುಕೊಂಡು ಫೋಟೋ ತೆಗೆಸುವುದು ಬೇಡ. ಜೇಡಕ್ಕೆ ಅದರಿಂದ ಯಾವ ಸಂತೋಷವೂ ಇಲ್ಲ, ಬಿದ್ದರೆ ಪ್ರಾಣವೇ ಹೋಗುತ್ತದೆ.

ಕಾನೂನಿನ ಕಡೆಯೂ ಮಗನ ಹತ್ತಿರ ಕೇಳಿ ಸರಿ ಮಾಡಿಸಿಕೊಳ್ಳಿ. ಮೆಕ್ಸಿಕೋದ ಕೆಂಪು ಮಂಡಿಯ ಜೇಡ ಸೇರಿರುವ ಬ್ರ್ಯಾಕಿಪೆಲ್ಮಾ ಗುಂಪು ಸೈಟಿಸ್ ಎಂಬ, ವನ್ಯಜೀವಿ ವ್ಯಾಪಾರದ ಮೇಲೆ ನಿಯಂತ್ರಣ ಇಡುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಕರ್ಲಿ ಹೇರ್ ಕೂಡ 2020ರವರೆಗೆ ಅದೇ ಗುಂಪಿನಲ್ಲಿತ್ತು. ಆಮೇಲೆ ಟ್ಲಿಲ್ಟೋಕ್ಯಾಟಲ್ ಎಂಬ ಗುಂಪಿಗೆ ಸೇರಿಸಿದರು. ನಮ್ಮ 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಸೈಟಿಸ್ ಪಟ್ಟಿಯ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕಾಗಿದೆ. ಅದರ ನಿಯಮ 2024ರಲ್ಲಿ ಬಂತು, ಅರ್ಜಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಮಾರಿದವರಿಂದ ಬಿಲ್ಲು, ಮೂಲದ ಕಾಗದ ತರಿಸಿಕೊಂಡು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಇದೇ ಹುರುಪಿನಲ್ಲಿ ಮಗ ಅಥವಾ ಅವನ ಸ್ನೇಹಿತರು ನಮ್ಮ ದರೆಯ ಜೇಡ ಹಿಡಿಯಲು ಹೊರಟರೆ ದಯವಿಟ್ಟು ತಡೆಯಿರಿ. ಅಭಯಾರಣ್ಯ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಿಂದ ಯಾವ ಜೀವಿಯನ್ನು ತೆಗೆದರೂ ಅಪರಾಧ. ಹೊರಗಡೆ ಆದರೂ, ವರ್ಷಾನುಗಟ್ಟಲೆ ಒಂದೇ ಬಿಲದಲ್ಲಿ ಬಾಳುವ ಹೆಣ್ಣನ್ನು ಅಗೆದು ತಂದರೆ ಆ ದರೆಯಲ್ಲಿ ಮರಿ ಹಾಕುವ ಜೀವವೇ ಹೋದ ಹಾಗೆ. ಅವನ್ನು ರಾತ್ರಿ ಟಾರ್ಚ್ ಹಿಡಿದು ಹೋಗಿ ಅಲ್ಲೇ ನೋಡಲಿ, ಡಬ್ಬಿಯಲ್ಲಿಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಕಲಿಯುತ್ತಾರೆ.

ಮರಿ ಪೊರೆ ಬಿಟ್ಟ ಮೇಲೆ ಹಳೆಯ ಪೊರೆಯನ್ನು ಬಿಲದ ಬಾಯಿಗೆ ತಂದು ತಳ್ಳುತ್ತದೆ. ಬೆಳಿಗ್ಗೆ ಕಂಡು ಇನ್ನೊಂದು ಜೇಡ ಸತ್ತು ಬಿದ್ದಿದೆ ಅಂದುಕೊಳ್ಳಬೇಡಿ. ಅದನ್ನು ತೆಗೆದು ಸಣ್ಣ ಡಬ್ಬಿಯಲ್ಲಿಟ್ಟು ತಾರೀಕು ಬರೆದಿಡಿ. ಈಗಿನದು ತೀರಾ ಚಿಕ್ಕದು. ಮುಂದೆ ಐದಾರು ಸೆಂಟಿಮೀಟರ್ ಆದ ಮೇಲೆ ಬಿಡುವ ಪೊರೆಯನ್ನು ಒದ್ದೆ ಮಾಡಿ ಹರಡಿ, ಹೊಟ್ಟೆಯ ಒಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೆಣ್ಣೋ ಗಂಡೋ ತಿಳಿಯುತ್ತದೆ. ಗಂಡಾದರೆ ಕೆಲವೇ ವರ್ಷ. ಹೆಣ್ಣಾದರೆ ಇಪ್ಪತ್ತು ವರ್ಷದವರೆಗೂ ಬದುಕುತ್ತದೆ. ಅಷ್ಟು ಕಾಲ ಯಾರು ನೋಡಿಕೊಳ್ಳುತ್ತಾರೆ ಅಂತ ದೀಪಾವಳಿಗೆ ಮಗ ಬಂದಾಗ ಕೂತು ಮಾತಾಡಿ. ಬೇಡವಾದರೆ ಸಾಕುವ ತಿಳಿವಳಿಕೆ ಇರುವ, ಕಾಗದ ಸರಿ ಇರುವ ಇನ್ನೊಬ್ಬರಿಗೆ ದಾಟಿಸಬಹುದು. ಪಾಪ ಅಂತ ತೋಟಕ್ಕೆ ಬಿಡುವುದು ಮಾತ್ರ ಬೇಡ. ಅದು ಈ ನೆಲದ ಜೇಡ ಅಲ್ಲ. ಇಲ್ಲಿಯ ದರೆಯಲ್ಲಿ ಮೊದಲಿಂದ ಇರುವವಕ್ಕೆ ಅದರಿಂದ ಏನು ರೋಗ, ಏನು ಪೈಪೋಟಿ ತಗುಲೀತೋ ಅನ್ನುವ ಗಂಡಾಂತರಕ್ಕೆ ನಾವು ಕೈ ಹಾಕಬಾರದು.